ನೀರು ಸೋರಿದರೆ ಕರೆಂಟೂ ಸೋರಿದ ಹಾಗೆ: ದುರ್ಗ, ದಾವಣಗೆರೆ ಮನೆಗಳ ಲೆಕ್ಕ

ಚಿತ್ರದುರ್ಗದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬೀಳುವ ನೀರು ತಾನಾಗಿ ಹರಿದು ಬಂದದ್ದಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರದಿಂದಲೋ ಚನ್ನಗಿರಿ ಕಡೆಯ ಸೂಳೆಕೆರೆಯಿಂದಲೋ ಪಂಪಿನಲ್ಲಿ ಎತ್ತಿ ತಂದದ್ದು. ದಾವಣಗೆರೆಯಲ್ಲೂ ಕಥೆ ಹೆಚ್ಚುಕಡಿಮೆ ಅದೇ. ಅಷ್ಟು ದೂರದಿಂದ ಬಂದು ಸಂಪಿಗೆ ಬಿದ್ದ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಲು ಮತ್ತೊಂದು ಮೋಟರ್ ಬೇಕು. ಬೋರ್‌ವೆಲ್ ಇರುವವರ ಲೆಕ್ಕ ಇನ್ನೂ ನೇರ. 1,000 ಲೀಟರ್ ನೀರನ್ನು 500 ಅಡಿಯಿಂದ ಮೇಲೆತ್ತಲು ಪುಸ್ತಕದ ಪ್ರಕಾರ 0.4 ಯೂನಿಟ್ ಸಾಕು. ಪಂಪು, ಮೋಟರು, ಕೇಬಲ್ಲು, ಪೈಪು ತಿನ್ನುವ ಪಾಲು ಸೇರಿದರೆ ಒಂದು ಯೂನಿಟ್ಟೇ ಆಗುತ್ತದೆ. ಆದ್ದರಿಂದ ಈ ಕಡೆಯ ಮನೆಗಳಲ್ಲಿ ನೀರಿನ ಉಳಿತಾಯ ಬೇರೆ, ಕರೆಂಟಿನ ಉಳಿತಾಯ ಬೇರೆ ಎಂದು ನೋಡುವುದರಲ್ಲಿ ಅರ್ಥವಿಲ್ಲ.

ಹೊಸ ಸಾಮಾನು ಕೊಳ್ಳುವ ಮುಂಚೆ ಒಂದು ಭಾನುವಾರ ಅಳತೆಗೆ ಮೀಸಲಿಡಿ. ಬೇಕಾದ್ದು ಇಷ್ಟೇ: ಮೊಬೈಲಿನ ಸ್ಟಾಪ್‌ವಾಚ್, 10 ಲೀಟರಿನ ಬಕೆಟ್, ಒಂದು ಲೋಟ, ಸೀಮೆಸುಣ್ಣ, ಬಟ್ಟೆಗೆ ಹಾಕುವ ನೀಲಿ.

ಮೀಟರಿನ ಕೆಂಪು ಚುಕ್ಕೆ

ಡಿಜಿಟಲ್ ಮೀಟರಿನ ಮುಖದಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಪಕ್ಕ 3200 ಎಂದೋ 1600 ಎಂದೋ ಅಚ್ಚಾಗಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದರ್ಥ. 3200ರ ಮೀಟರಾದರೆ ಸೂತ್ರ ಹೀಗೆ: 1125ನ್ನು ಮಿಣುಕುಗಳ ಸಂಖ್ಯೆಯಿಂದ ಗುಣಿಸಿ, ಹಿಡಿದ ಸೆಕೆಂಡುಗಳಿಂದ ಭಾಗಿಸಿ. ಬರುವುದು ಆ ಹೊತ್ತಿನಲ್ಲಿ ಮನೆ ಎಳೆಯುತ್ತಿರುವ ವ್ಯಾಟ್. ಹತ್ತು ಮಿಣುಕಿಗೆ 60 ಸೆಕೆಂಡ್ ಹಿಡಿದರೆ 188 ವ್ಯಾಟ್. 1600ರ ಮೀಟರಿಗೆ 1125ರ ಬದಲು 2250 ಹಾಕಿಕೊಳ್ಳಿ.

ರಾತ್ರಿ ಎಲ್ಲರೂ ಮಲಗುವ ಮುಂಚೆ ಫ್ರಿಜ್ ಪ್ಲಗ್ ತೆಗೆದು, ಫ್ಯಾನು ದೀಪ ಎಲ್ಲ ಆರಿಸಿ ನೋಡಿ. ಆಗಲೂ ನಿಧಾನಕ್ಕೆ ಮಿಣುಕುತ್ತಿದ್ದರೆ ಅದು ಸೆಟ್‌ಟಾಪ್ ಬಾಕ್ಸು, ವೈಫೈ, ಟಿವಿಯ ಕೆಂಪು ದೀಪ, ಯುಪಿಎಸ್. ಹತ್ತು ವ್ಯಾಟಿನ ಸೆಟ್‌ಟಾಪ್ ಬಾಕ್ಸ್ ಹಗಲಿರುಳು ಹಚ್ಚೇ ಇದ್ದರೆ ತಿಂಗಳಿಗೆ 7 ಯೂನಿಟ್. ರಿಮೋಟಿನಲ್ಲಿ ಆರಿಸುವುದಕ್ಕೂ ಗೋಡೆಯ ಸ್ವಿಚ್ಚಿನಲ್ಲಿ ಆರಿಸುವುದಕ್ಕೂ ಇರುವ ವ್ಯತ್ಯಾಸ ಇದೇ.

ಇವೆಲ್ಲದರ ಪ್ಲಗ್ ಕಿತ್ತ ಮೇಲೂ ದೀಪ ಮಿಣುಕಿದರೆ ಮೇನ್ ಎಂಸಿಬಿ ಇಳಿಸಿ. ನಿಂತರೆ ಮನೆಯೊಳಗಿನ ವೈರಿಂಗಿನಲ್ಲೇ ಸೋರಿಕೆ ಇದೆ. ಹೆಚ್ಚಾಗಿ ಸಂಪಿನ ಮೋಟರಿಗೆ ಹೋಗುವ ಕೇಬಲ್ ತೇವದಲ್ಲಿ ಕೊಳೆತಿರುತ್ತದೆ. ಇದು ದುಡ್ಡಿನ ಮಾತಷ್ಟೇ ಅಲ್ಲ, ಶಾಕ್ ಹೊಡೆಯುವ ಜಾಗ. ಎಲೆಕ್ಟ್ರಿಷಿಯನ್‌ನನ್ನು ಅಂದೇ ಕರೆಸಿ, ಮನೆಯಲ್ಲಿ ಈಗಾಗಲೇ ಇಲ್ಲದಿದ್ದರೆ ಒಂದು 30 ಮಿಲಿಆಂಪ್‌ನ ಆರ್‌ಸಿಸಿಬಿಯನ್ನೂ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಮೇನ್ ಇಳಿಸಿದರೂ ಮಿಣುಕು ನಿಲ್ಲದಿದ್ದರೆ ಮೀಟರಿನಿಂದಾಚೆ ಬೇರೆ ಯಾರದೋ ಲೈನ್ ಸೇರಿಕೊಂಡಿದೆ, ಇಲ್ಲವೇ ಮೀಟರ್ ಕೆಟ್ಟಿದೆ. ಆಗ ಬೆಸ್ಕಾಂಗೆ ದೂರು ಕೊಡಬೇಕು.

ಗೃಹಜ್ಯೋತಿ ಇದೆಯಲ್ಲ, ಲೆಕ್ಕ ಯಾಕೆ ಎನ್ನುವವರುಂಟು. ನಿಮಗೆ ಉಚಿತವಾಗಿ ಸಿಗುವುದು 200 ಯೂನಿಟ್ ಅಲ್ಲ. 2022-23ರ ನಿಮ್ಮ ತಿಂಗಳ ಸರಾಸರಿ, ಅದರ ಮೇಲೆ ಶೇ 10. ಸರಾಸರಿ 48 ಯೂನಿಟ್ ಒಳಗಿದ್ದವರಿಗೆ ಶೇ 10ರ ಬದಲು 10 ಯೂನಿಟ್. ಅದನ್ನು ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮ ಮೇಲೇ. 190ರಿಂದ 205ರ ನಡುವೆ ತೂಗುವ ಮನೆಗೆ ಏಪ್ರಿಲ್‌ನಲ್ಲಿ 15 ಯೂನಿಟ್ ಉಳಿಸುವುದೆಂದರೆ ಸಾವಿರ ರೂಪಾಯಿಗೂ ಮೇಲಿನ ವಿಷಯ.

ಬಿಸಿನೀರು

ಮನೆಯ ಕರೆಂಟಿನಲ್ಲಿ ದೊಡ್ಡ ಬಾಯಿ ಗೀಸರಿನದು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ ಚಿಲ್ಲರೆ ಬೇಕು. ಗೀಸರ್ ಯಾವ ಕಂಪನಿಯದಾದರೂ ಈ ಅಂಕಿ ಬದಲಾಗದು. ನೀರಿನ ಗುಣವೇ ಅದು. ಮನೆಯಲ್ಲಿ ನಾಲ್ಕು ಜನ ತಲಾ ದಿನಕ್ಕೊಂದು ಗೀಸರ್ ನೀರು ಖಾಲಿ ಮಾಡಿದರೆ ತಿಂಗಳಿಗೆ 60 ಯೂನಿಟ್ ದಾಟಿತು.

ಹೀಟರ್ ರಾಡ್ ಕರೆಂಟ್ ಕುಡಿಯುತ್ತದೆ ಎಂಬ ಮಾತು ಬಹಳ ಕೇಳಿಬರುತ್ತದೆ. ಲೆಕ್ಕ ಹಾಕಿದರೆ ಹಾಗಿಲ್ಲ. 18 ಲೀಟರಿನ ಬಕೆಟನ್ನು 25ರಿಂದ 42 ಡಿಗ್ರಿಗೆ, ಅಂದರೆ ತಣ್ಣೀರು ಬೆರೆಸದೆ ನೇರ ಮೈಗೆ ಹುಯ್ದುಕೊಳ್ಳುವ ಹದಕ್ಕೆ ಕಾಯಿಸಲು 0.36 ಯೂನಿಟ್ ಸಾಕು. 1500 ವ್ಯಾಟಿನ ರಾಡಿಗೆ ಅದು ಸುಮಾರು 15 ನಿಮಿಷದ ಕೆಲಸ. ರಾಡ್ ಕುಡಿಯುವುದು ಮರೆತಾಗ: ನೀರು ಕುದಿಯುವ ತನಕ ಬಿಟ್ಟರೆ ನಾಲ್ಕು ಪಟ್ಟು ಹೋಗುತ್ತದೆ. ಮೊಬೈಲಿನಲ್ಲಿ 15 ನಿಮಿಷದ ಅಲಾರಂ ಇಡಿ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ರಾಡ್ ಬೇಡವೇ ಬೇಡ. ಅಲ್ಲಿ ಅರ್ಧ ಯೂನಿಟ್ ಹೆಚ್ಚು ಹೋದರೂ ಗೀಸರೇ ಸರಿ.

ಬೋರ್ ನೀರಿನ ಗಡಸುತನ ಗೀಸರಿನ ಶತ್ರು. ನೀರು 60 ಡಿಗ್ರಿ ದಾಟಿದಷ್ಟೂ ಕಾಯಿಲ್ ಮೇಲೆ ಬಿಳಿ ಸುಣ್ಣ ಬೇಗ ಕಟ್ಟುತ್ತದೆ. ಕಾಯಿಲ್ ಬಿಸಿಯಾಗುತ್ತದೆ, ಆದರೆ ಬಿಸಿ ನೀರಿಗೆ ದಾಟುವುದಿಲ್ಲ. ಕೊನೆಗೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ‘ಕೊಟರ್... ಕೊಟರ್’ ಎಂದು ಒಳಗಿಂದ ಸದ್ದು ಬರಲು ಶುರುವಾದರೆ ಸುಣ್ಣ ಕಟ್ಟಿದೆ ಎಂದೇ ಲೆಕ್ಕ. ಥರ್ಮೋಸ್ಟಾಟ್ ಗುಬಟವನ್ನು 50ರಿಂದ 55ರೊಳಗೆ ಇಡಿ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುವಾಗ ಕಾಯಿಲ್ ತೊಳೆಸುವುದರ ಜೊತೆಗೆ ಆನೋಡ್ ರಾಡ್ ಬಿಚ್ಚಿ ತೋರಿಸಲು ಹೇಳಿ. ಅದು ಮೆಗ್ನೀಸಿಯಂ ಕಡ್ಡಿ. ಟ್ಯಾಂಕಿನ ಬದಲು ತಾನು ತುಕ್ಕು ಹಿಡಿದು ಕರಗುವುದೇ ಅದರ ಕೆಲಸ. ಬೆರಳಿನಷ್ಟು ದಪ್ಪವಿದ್ದದ್ದು ತಂತಿಯಾಗಿದ್ದರೆ ಬದಲಿಸಿ. ಕೇಳದೆ ಇದ್ದರೆ ಇದನ್ನು ಯಾರೂ ಬಿಚ್ಚುವುದಿಲ್ಲ.

ಸೋಲಾರ್ ವಾಟರ್ ಹೀಟರಿಗೆ ನಮ್ಮ ಬಿಸಿಲು ಸಾಕಷ್ಟಾಯಿತು. ಮುಖ ದಕ್ಷಿಣಕ್ಕೆ ಇರಲಿ, ವಾಲು 25 ಡಿಗ್ರಿ ಆಸುಪಾಸು ಇರಲಿ. ಈ ಊರುಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಬಿಸಿನೀರು ಹೆಚ್ಚು ಬೇಕಾಗುವುದು ಡಿಸೆಂಬರ್, ಜನವರಿಯಲ್ಲಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಅದಕ್ಕೇ ಅಕ್ಷಾಂಶಕ್ಕಿಂತ ಹತ್ತು ಡಿಗ್ರಿ ಹೆಚ್ಚು. ಗಾಜಿನ ಕೊಳವೆಯ ಮಾದರಿಯಲ್ಲಿ ಸುಣ್ಣ ಕೊಳವೆಯ ಬುಡದಲ್ಲಿ ಕೂರುತ್ತದೆ. ವರ್ಷಕ್ಕೊಮ್ಮೆ ಬೆಳಗಿನ ಜಾವ, ಕೊಳವೆ ತಣ್ಣಗಿದ್ದಾಗಲೇ, ಡ್ರೈನ್ ವಾಲ್ವ್ ತೆರೆದು ತೊಳೆಯಿರಿ. ಮಧ್ಯಾಹ್ನ ಕಾದ ಕೊಳವೆಗೆ ತಣ್ಣೀರು ಬಿಟ್ಟರೆ ಗಾಜು ಪಟ್ಟನೆ ಒಡೆಯುತ್ತದೆ.

ಸೋಲಾರ್ ಇದ್ದವರ ಮನೆಯಲ್ಲಿ ನೀರು ಪೋಲಾಗುವ ಜಾಗ ಒಂದಿದೆ. ತಾರಸಿಯಿಂದ ಬಚ್ಚಲಿಗೆ 20 ಮೀಟರ್ ಮುಕ್ಕಾಲಿಂಚಿನ ಪೈಪಿದ್ದರೆ ಅದರೊಳಗೇ ಐದಾರು ಲೀಟರ್ ತಣ್ಣೀರು ನಿಂತಿರುತ್ತದೆ. ಬಿಸಿ ಬರುವ ತನಕ ಅದನ್ನು ಚರಂಡಿಗೆ ಬಿಡುವುದು ಎಲ್ಲ ಮನೆಯ ಅಭ್ಯಾಸ. ಕೆಳಗೆ ಬಕೆಟ್ ಇಡಿ. ತಣ್ಣೀರು ಬೆರೆಸಲು ಅದೇ ಬೇಕಲ್ಲ. ತಾರಸಿ ಮೇಲಿನ ಬಿಸಿನೀರಿನ ಪೈಪಿಗೆ ಫೋಮ್ ಕೊಳವೆ ತೊಡಿಸಿ, ಬಿಸಿಲಿಗೆ ಪುಡಿಯಾಗದಂತೆ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿಸಿ.

ಮಾರ್ಚಿನಿಂದ ಮೇ ತನಕ ಯಾವ ಸಾಧನವೂ ಬೇಡ. ಸಂಜೆ ನಾಲ್ಕಕ್ಕೆ ಕಪ್ಪು ಸಿಂಟೆಕ್ಸಿನ ನೀರು ಸ್ನಾನದ ಹದಕ್ಕಿರುತ್ತದೆ. ಗೀಸರಿನ ಎಂಸಿಬಿಯನ್ನೇ ಇಳಿಸಿಬಿಡಿ.

ಫ್ಯಾನು, ಫ್ರಿಜ್ಜು, ಕಾದ ತಾರಸಿ

ಹಳೆಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ 70ರಿಂದ 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ (ಎಲೆಕ್ಟ್ರಾನಿಕ್ ಮೋಟರಿನ ಹೊಸ ಬಗೆಯದು) 28ರಿಂದ 35. ದಿನಕ್ಕೆ 12 ಗಂಟೆ ತಿರುಗುವ ಫ್ಯಾನಾದರೆ ತಿಂಗಳಿಗೆ 15 ಯೂನಿಟ್ ಉಳಿತಾಯ. ಮನೆಯ ಎಲ್ಲ ಫ್ಯಾನ್ ಒಟ್ಟಿಗೆ ಬದಲಿಸಬೇಕಾಗಿಲ್ಲ. ಮಲಗುವ ಕೋಣೆಯದನ್ನು ಬದಲಿಸಿ, ನೆಂಟರ ಕೋಣೆಯದು ಇರಲಿ. ಬಿಎಲ್‌ಡಿಸಿ ಹಾಕುವಾಗ ಹಳೆಯ ಗೋಡೆ ರೆಗ್ಯುಲೇಟರನ್ನು ಲೈನಿನಿಂದ ತೆಗೆಸಲೇಬೇಕು. ಅದು ನಡುವೆ ಇದ್ದರೆ ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ಸ್ ಕೆಡುತ್ತದೆ. ‘ಬಿಎಲ್‌ಡಿಸಿ ಬಾಳಿಕೆ ಬರಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಗುಬಟ. ಹಳೆ ಫ್ಯಾನನ್ನೇ ಇಟ್ಟುಕೊಳ್ಳುವವರು ದೊಡ್ಡ ಡಬ್ಬಿಯಂಥ ರೆಗ್ಯುಲೇಟರ್ ತೆಗೆದು ಎಲೆಕ್ಟ್ರಾನಿಕ್ ಹಾಕಿಸಿ. ಹಳೆಯದರಲ್ಲಿ ಕಡಿಮೆ ಮಾಡಿದ ವೇಗವೆಲ್ಲ ಡಬ್ಬಿಯೊಳಗೆ ಬಿಸಿಯಾಗಿ ಹೋಗುತ್ತದೆ.

ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರ್ ಹಿಡಿಯುತ್ತಿಲ್ಲ. ನಾಲ್ಕೂ ಕಡೆ ನೋಡಿ. ಬರೀ ಜಿಡ್ಡಾಗಿದ್ದರೆ ಸೋಪುನೀರಿನಲ್ಲಿ ಒರೆಸಿ, ಬಿಸಿನೀರಿನ ಬಟ್ಟೆ ಒತ್ತಿದರೆ ಮತ್ತೆ ಉಬ್ಬುತ್ತದೆ. ಸೀಳಿದ್ದರೆ ಹೊಸದು ಹಾಕಿಸಿ. ಹಿಂದೆ ಗೋಡೆಗೂ ಫ್ರಿಜ್ಜಿಗೂ ಒಂದು ಗೇಣು ಜಾಗ ಬೇಕು. ಐಸ್ ಅರ್ಧ ಸೆಂಟಿಮೀಟರ್ ದಪ್ಪವಾದರೆ ಡಿಫ್ರಾಸ್ಟ್ ಮಾಡಿ. ಚಾಕುವಿನಲ್ಲಿ ಕೆರೆಯಬೇಡಿ, ಗ್ಯಾಸ್ ಪೈಪ್ ತೂತಾದರೆ ರಿಪೇರಿಯ ಖರ್ಚಿಗೆ ಎರಡು ವರ್ಷದ ಕರೆಂಟ್ ಬಿಲ್ ಕಟ್ಟಬಹುದು.

ಬೇಸಿಗೆಯಲ್ಲಿ ಆರ್‌ಸಿಸಿ ಮನೆಯನ್ನು ರಾತ್ರಿ ಹನ್ನೆರಡರ ತನಕ ಬೇಯಿಸುವುದು ಹಗಲೆಲ್ಲ ಕಾದ ತಾರಸಿ. ಮಾರ್ಚ್ ಮೊದಲ ವಾರದಲ್ಲಿ ಸುಣ್ಣ ಬಳಿಯಿರಿ. ಒಂದು ಕೆಜಿ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಆಮೇಲೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಬಿಡಿ. ಸುಣ್ಣ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಎರಡು ದಿನ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಬಿಳಿ ಗೋಂದು ಕಲಸಿ, ಗುಡಿಸಿ ತೊಳೆದು ಒದ್ದೆ ಮಾಡಿದ ತಾರಸಿಗೆ ಎರಡು ಕೋಟ್ ಅಡ್ಡಡ್ಡ ಬಳಿಯಿರಿ. ಒಣ ಕಾಂಕ್ರೀಟಿಗೆ ನೇರ ಬಳಿದರೆ ನೀರನ್ನು ಅದು ಹೀರಿಕೊಂಡು ಸುಣ್ಣ ವಾರಕ್ಕೇ ಪುಡಿಯಾಗಿ ಹಾರುತ್ತದೆ. ಮಳೆನೀರು ಹಿಡಿಯುವ ಮನೆಯಾದರೆ ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಆ ಮಾತು ಬರುತ್ತದೆ.

ಏಸಿಗಿಂತ ಏರ್ ಕೂಲರ್ ನಮ್ಮ ಒಣ ಹವೆಗೆ ಒಗ್ಗುತ್ತದೆ. ಆದರೆ ಕೂಲರಿನ ಎದುರು ಕಿಟಕಿ ತೆರೆದಿರಬೇಕು. ಬಾಗಿಲು ಕಿಟಕಿ ಮುಚ್ಚಿಕೊಂಡು ಹಾಕಿದರೆ ಅರ್ಧ ಗಂಟೆಯಲ್ಲಿ ಕೋಣೆ ಬೆವರುತ್ತದೆ, ನೀರೂ ಕರೆಂಟೂ ದಂಡ. ಮೊದಲ ಮಳೆ ಬಿದ್ದು ಹವೆ ತೇವವಾದ ಮೇಲೆ ಕೂಲರ್ ತೊಳೆದು ಒಣಗಿಸಿ ಎತ್ತಿಡಿ.

ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳನ್ನು ನೋಡಿ ಮನೆ ಮೇಲೂ ಒಂದು ಪುಟ್ಟದ್ದು ಹಾಕಿಸೋಣ ಎಂದು ಕೇಳುವವರಿದ್ದಾರೆ. ಬೇಡ. ಅವು ಬೆಟ್ಟದ ನೆತ್ತಿಯಲ್ಲಿ, ಎತ್ತರದ ಕಂಬದ ಮೇಲೆ ನಿಂತಿವೆ. ಮನೆಗಳ ನಡುವಿನ ಗಾಳಿ ಸುಳಿಸುತ್ತುತ್ತದೆಯೇ ಹೊರತು ಒಂದೇ ಸಮ ಬೀಸುವುದಿಲ್ಲ. ತಾರಸಿಯಲ್ಲಿ ಜಾಗವಿದ್ದರೆ ಸೋಲಾರ್ ಪ್ಯಾನೆಲ್ಲೇ ಸರಿ: ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಸಣ್ಣ ಮನೆಗೆ ಅದರ ಆತುರವಿಲ್ಲ, ಪ್ರತಿ ತಿಂಗಳೂ 200 ದಾಟುವ ಮನೆಗೆ ಇದೆ.

ಕಣ್ಣಿಗೆ ಕಾಣದ ಸೋರಿಕೆ

ತೊಟ್ಟಿಕ್ಕುವ ನಲ್ಲಿ ಕಣ್ಣಿಗೆ ಬೀಳುತ್ತದೆ, ಬೈಸಿಕೊಳ್ಳುತ್ತದೆ. ಅದರ ಕೆಳಗೆ 200 ಮಿಲಿಯ ಲೋಟ ಇಡಿ. ಒಂದು ಗಂಟೆಗೆ ತುಂಬಿದರೆ ದಿನಕ್ಕೆ 4.8 ಲೀಟರ್. ಸರಿಪಡಿಸಬೇಕಾದ್ದೇ. ಆದರೆ ಸದ್ದಿಲ್ಲದೆ ಅದರ ಹತ್ತರಷ್ಟು ನೀರು ಕುಡಿಯುವುದು ಫ್ಲಶ್ ಟ್ಯಾಂಕ್.

ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಬಟ್ಟೆಯ ನೀಲಿ ಹತ್ತು ಹನಿ ಹಾಕಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕಮೋಡಿನೊಳಗೆ ನೀಲಿ ಇಳಿದಿದ್ದರೆ ತಳದ ರಬ್ಬರ್ ಮುಚ್ಚಳ ಹಿಡಿಯುತ್ತಿಲ್ಲ. ಟ್ಯಾಂಕಿಗೆ ನೀರು ಬಿಡುವ ಆಂಗಲ್ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ರಬ್ಬರ್ ಕೂರುವ ಉಂಗುರವನ್ನು ಬೆರಳಲ್ಲಿ ಸವರಿ ನೋಡಿ: ಬೋರ್ ನೀರಾದರೆ ಮರಳಿನಂತೆ ಸುಣ್ಣದ ಹರಳು ಸಿಗುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ಉಜ್ಜಿ ತೆಗೆಯಿರಿ. ಆಮೇಲೂ ನೀಲಿ ಇಳಿದರೆ ರಬ್ಬರ್ ಗಟ್ಟಿಯಾಗಿದೆ. ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಇನ್ನೊಂದು ದೋಷ ಮೇಲೆ: ತೇಲುಚೆಂಡು ತೀರಾ ಎತ್ತರಕ್ಕೆ ಕೂತಿದ್ದರೆ ನೀರು ನಡುವಿನ ಓವರ್‌ಫ್ಲೋ ಕೊಳವೆಯ ಮೂಲಕ ಹಗಲಿರುಳು ಇಳಿಯುತ್ತಿರುತ್ತದೆ. ನೀರಿನ ಮಟ್ಟ ಆ ಕೊಳವೆಯ ಬಾಯಿಗಿಂತ ಒಂದಿಂಚು ಕೆಳಗಿರುವಂತೆ ಸ್ಕ್ರೂ ತಿರುಗಿಸಿ.

ಹಳೆಯ ಹತ್ತು ಲೀಟರಿನ ಟ್ಯಾಂಕಾದರೆ ನೀರು ತುಂಬಿ ಬಿರಡೆ ಬಿಗಿದ ಒಂದು ಲೀಟರಿನ ಬಾಟಲನ್ನು ಒಳಗಿಡಿ, ಪ್ರತಿ ಫ್ಲಶ್ಶಿಗೆ ಒಂದು ಲೀಟರ್ ಉಳಿಯಿತು. ಇಟ್ಟಿಗೆ ಇಡಬೇಡಿ, ಅದು ಕರಗಿ ಪುಡಿ ರಬ್ಬರಿನ ಕೆಳಗೆ ಸೇರುತ್ತದೆ, ಉಳಿಸಿದ್ದರ ಹತ್ತು ಪಟ್ಟು ಸೋರುತ್ತದೆ.

ಸಂಪಿನ ಪರೀಕ್ಷೆ ನೀರು ಬಿಡದ ದಿನ ಮಾಡಬೇಕು. ರಾತ್ರಿ ಊಟವಾದ ಮೇಲೆ ಸಂಪಿನ ಗೋಡೆಗೆ ನೀರಿನ ಮಟ್ಟದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ, ಬೆಳಿಗ್ಗೆ ಮೋಟರ್ ಹಾಕುವ ಮುಂಚೆ ನೋಡಿ. ಆರಡಿ ಐದಡಿ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದಿದ್ದರೆ 28 ಲೀಟರ್ ನೆಲಕ್ಕೆ ಹೋಗಿದೆ. ಬಿರುಕು ಹೆಚ್ಚಾಗಿ ಗೋಡೆಯೂ ತಳವೂ ಕೂಡುವ ಮೂಲೆಯಲ್ಲಿರುತ್ತದೆ. ಸಂಪಿಗಿಳಿದು ನೋಡುವುದಾದರೆ ಮುಚ್ಚಳ ಒಂದೆರಡು ಗಂಟೆ ತೆರೆದಿಟ್ಟು, ಮೇಲೊಬ್ಬರನ್ನು ನಿಲ್ಲಿಸಿಯೇ ಇಳಿಯಬೇಕು.

ನೀರುಗಂಟಿ ರಾತ್ರಿ ಎರಡಕ್ಕೆ ವಾಲ್ವ್ ತಿರುಗಿಸುವ ಬಡಾವಣೆಗಳಲ್ಲಿ ಸಂಪಿನ ಬಾಲ್ ವಾಲ್ವೇ ಕಾವಲುಗಾರ. ಪ್ಲಾಸ್ಟಿಕ್ ಚೆಂಡನ್ನು ಕಳಚಿ ಅಲುಗಾಡಿಸಿ. ಒಳಗೆ ನೀರು ಕುಲುಕಿದರೆ ಅದು ತೂತಾಗಿದೆ, ತೇಲುವುದಿಲ್ಲ, ನೀರು ನಿಲ್ಲಿಸುವುದೂ ಇಲ್ಲ. ಬೆಳಿಗ್ಗೆ ಬೀದಿ ಒದ್ದೆಯಾಗಿರುವ ಮನೆಗಳ ರೋಗ ಇದೇ.

ನಲ್ಲಿಗಳ ವಿಷಯ ಬೇಗ ಮುಗಿಯುತ್ತದೆ. ಹತ್ತು ಲೀಟರಿನ ಬಕೆಟ್ ಪೂರ್ತಿ ತೆರೆದ ನಲ್ಲಿಯಲ್ಲಿ ಒಂದು ನಿಮಿಷದೊಳಗೆ ತುಂಬಿದರೆ ಕೈ ತೊಳೆಯುವ ಬೇಸಿನ್ನಿಗೆ ಅದು ಅತಿಯಾಯಿತು. ನಿಮಿಷಕ್ಕೆ ಮೂರು ಲೀಟರ್ ಬಿಡುವ ಏರೇಟರ್ (ನೀರಿಗೆ ಗಾಳಿ ಬೆರೆಸುವ, ನಲ್ಲಿ ಬಾಯಿಗೆ ಹಾಕುವ ಜಾಲರಿ) ಸಿಗುತ್ತದೆ, ಕೈಯಲ್ಲೇ ತಿರುಗಿಸಿ ಹಾಕಬಹುದು. ನಮ್ಮ ನೀರಿಗೆ ಅದರ ಜಾಲರಿ ಮೂರು ತಿಂಗಳಿಗೆ ಕಟ್ಟುತ್ತದೆ. ಬಿಚ್ಚಿ ರಾತ್ರಿಯಿಡೀ ನಿಂಬೆರಸದಲ್ಲೋ ವಿನೆಗರಿನಲ್ಲೋ ನೆನೆಹಾಕಿ. ಟಾಯ್ಲೆಟ್ ಆಸಿಡ್ ಹಾಕಿದರೆ ಹೊಳಪೂ ಹೋಗುತ್ತದೆ, ಲೋಹವೂ ಹೋಗುತ್ತದೆ. ಬಕೆಟ್ ತುಂಬಿಸುವ ಬಚ್ಚಲ ನಲ್ಲಿಗೆ ಏರೇಟರ್ ಬೇಡ. ಬಕೆಟ್ಟಿಗೆ ಬೇಕಾದ್ದು ಬಕೆಟ್ಟಿನಷ್ಟೇ ನೀರು, ನಿಧಾನವಾಗಿ ತುಂಬಿಸಿ ಸಿಗುವುದೇನಿಲ್ಲ.

ಮೋಟರ್

ಸಂಪಿನಿಂದ ಮೇಲಕ್ಕೆ ಏರಿಸುವ ಒಂದು ಎಚ್‌ಪಿ ಮೋಟರ್ ಸುಮಾರು 1.1 ಕಿಲೋವ್ಯಾಟ್ ಎಳೆಯುತ್ತದೆ. 1,000 ಲೀಟರ್ ಟ್ಯಾಂಕ್ ಅರ್ಧ ಗಂಟೆಯಲ್ಲಿ ತುಂಬಿದರೆ ಅರ್ಧ ಯೂನಿಟ್ಟು. ಟ್ಯಾಂಕ್ ಖಾಲಿಯಿಂದ ತುಂಬಲು ಹಿಡಿದ ನಿಮಿಷಗಳನ್ನು ಸ್ಟಾರ್ಟರ್ ಡಬ್ಬಿಯ ಬಾಗಿಲಿನ ಒಳಗೆ ತಾರೀಖಿನೊಂದಿಗೆ ಬರೆದಿಡಿ. ಮುಂದಿನ ವರ್ಷ ಅದೇ ಟ್ಯಾಂಕಿಗೆ 45 ನಿಮಿಷ ಹಿಡಿದರೆ ಮೋಟರಿಗೆ ವಯಸ್ಸಾಯಿತು ಎಂದು ಹೊಸದು ಕೊಳ್ಳಬೇಡಿ. ಮೊದಲು ಸಂಪಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವಿನ ಜಾಲರಿ ತೊಳೆಯಿರಿ, ಕಸ ಕಟ್ಟಿರುತ್ತದೆ. ಆಮೇಲೆ ಸಂಪಿನಿಂದ ಮೋಟರಿಗೆ ನೀರೆಳೆಯುವ ಸಕ್ಷನ್ ಪೈಪಿನ ಜಾಯಿಂಟು: ಅಲ್ಲಿ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ, ಅದಕ್ಕೇ ಕಣ್ಣಿಗೆ ಕಾಣದು. ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಮೋಟರ್ ಹಾಕಿ; ನೊರೆಯನ್ನು ಒಳಗೆಳೆದುಕೊಂಡರೆ ಅಲ್ಲೇ. ಬಿಚ್ಚಿ ಟೆಫ್ಲಾನ್ ಟೇಪನ್ನು ಪೈಪಿನ ತಿರುಪು ಬಿಗಿಯುವ ದಿಕ್ಕಿಗೇ ಎಂಟು ಹತ್ತು ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗಲೇ ಟೇಪ್ ಕಿತ್ತುಬರುತ್ತದೆ. ಕೊನೆಗೆ ಕೆಪಾಸಿಟರ್: ಮೋಟರ್ ಗುಂಯ್‌ಗುಟ್ಟಿ ತಡವಾಗಿ ಹೊರಟರೆ ಅದೇ ಕಾರಣ, ಹಳೆಯದರ ಮೇಲಿದ್ದ ಅಂಕಿಯದ್ದನ್ನೇ ತನ್ನಿ.

ಟ್ಯಾಂಕ್ ತುಂಬಿ ಚೆಲ್ಲಿದ ಮೇಲೆ ಮೋಟರ್ ಆರಿಸುವುದು ಎಷ್ಟೋ ಮನೆಯ ಪದ್ಧತಿ. ಹತ್ತು ನಿಮಿಷ ಚೆಲ್ಲಿದರೆ ಮುನ್ನೂರು ಲೀಟರಿಗೂ ಹೆಚ್ಚು. ಟ್ಯಾಂಕಿನಲ್ಲೂ ಸಂಪಿನಲ್ಲೂ ಫ್ಲೋಟ್ ಸ್ವಿಚ್ ಇರುವ ಆಟೋಮ್ಯಾಟಿಕ್ ಹಾಕಿಸಿದರೆ ಸಂಪು ಖಾಲಿಯಾದಾಗ ಮೋಟರ್ ಒಣ ತಿರುಗಿ ಸೀಲ್ ಸುಡುವುದೂ ತಪ್ಪುತ್ತದೆ.

ಬೀದಿಯ ಪೈಪಿಗೇ ನೇರ ಮೋಟರ್ ಹಾಕಿ ಎಳೆಯುವ ಚಾಳಿ ಕಾನೂನಿಗೆ ವಿರುದ್ಧ. ಅದಿರಲಿ, ಎಳೆದಾಗ ಪೈಪಿನ ಬಿರುಕುಗಳಿಂದ ಪಕ್ಕದ ಚರಂಡಿ ನೀರೂ ಒಳಬರುತ್ತದೆ. ಮೊದಲು ಕುಡಿಯುವವರು ಎಳೆದವರೇ.

ಆರ್‌ಒ ಬಿಡುವ ನೀರು

ಸರಬರಾಜಿನ ನೀರು ಹೊಳೆ ಅಥವಾ ಕೆರೆಯದಾದರೆ ಬಹುಪಾಲು ಮನೆಗೆ ಆರ್‌ಒ ಬೇಕಾಗಿಲ್ಲ. ಯುವಿ ಫಿಲ್ಟರ್ ಅಥವಾ ಕುದಿಸುವುದು ಸಾಕು. ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿದ ಲವಣಗಳ ಮಿಲಿಗ್ರಾಂ ಲೆಕ್ಕ) 500ರೊಳಗಿದ್ದರೆ ಆ ಮಾತು ಖಚಿತ. ಬೋರ್ ನೀರಿನದು ಬೇರೆ. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳಲ್ಲೂ ಜಗಳೂರು ಕಡೆಯಲ್ಲೂ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರ ತನಕ. ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸುವುದಿಲ್ಲ, ಲ್ಯಾಬಿಗೇ ಕೊಡಬೇಕು. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟು ಗಟ್ಟಿಯಾಗುತ್ತದೆ.

ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಆ ಪೈಪನ್ನು ಸಿಂಕಿನಿಂದ ತೆಗೆದು ಕೊಡಕ್ಕೆ ಬಿಡಿ. ಪಾತ್ರೆಯ ಮೊದಲ ತೊಳೆತಕ್ಕೆ, ಬಚ್ಚಲಿಗೆ, ಟಾಯ್ಲೆಟ್ಟಿಗೆ ಆಗುತ್ತದೆ. ನೆಲ ಒರೆಸಿದರೆ ಕಪ್ಪು ಗ್ರಾನೈಟಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಫ್ಲೋರೈಡ್ ಊರಾದರೆ ದನಕ್ಕೆ ಕುಡಿಸಬೇಡಿ, ಇದು ಬೋರ್ ನೀರಿಗಿಂತ ಗಟ್ಟಿ. ಕೊಡ ತುಂಬಲು ಹಿಡಿವ ಹೊತ್ತು ಗಮನಿಸುತ್ತಿರಿ: ಕುಡಿಯುವ ನೀರು ಬರುವುದು ನಿಧಾನವಾಗಿ, ಬಿಡುವ ನೀರು ಹೆಚ್ಚಾದರೆ ಒಳಗಿನ ಮೆಂಬ್ರೇನ್ (ಸೋಸುವ ಪೊರೆ) ಕಟ್ಟುತ್ತಿದೆ.

ಬಟ್ಟೆ ತೊಳೆದ ಕೊನೆಯ ನೀರನ್ನು ತೆಂಗು, ಬಾಳೆಗೆ ಬಿಡಬಹುದು. ಒಂದೇ ಬುಡಕ್ಕೆ ದಿನವೂ ಬಿಟ್ಟರೆ ಸೋಪಿನ ಸೋಡಿಯಂ ಕಪ್ಪು ಮಣ್ಣನ್ನು ಹೆಂಟೆಗಟ್ಟಿಸುತ್ತದೆ, ಗಿಡ ಬದಲಿಸುತ್ತಿರಿ. ಸೊಪ್ಪಿಗೆ ಮಾತ್ರ ಬೇಡ.

ಮಳೆ ನೀರು

ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 800 ಚದರಡಿ ತಾರಸಿ 74 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಹಿಡಿದು, ಐದರಲ್ಲೊಂದು ಪಾಲು ನಷ್ಟ ಕಳೆದರೆ 35,000 ಲೀಟರ್. ಚಳ್ಳಕೆರೆ, ಮೊಳಕಾಲ್ಮೂರಿನವರು ಇನ್ನೂ ಕಮ್ಮಿ ಹಿಡಿಯಲಿ. ನಾಲ್ಕು ಜನರ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಸಾಕು. 2,000 ಲೀಟರಿನ ಒಂದು ಟ್ಯಾಂಕ್ ನೂರು ದಿನ ನಡೆಸುತ್ತದೆ. ಬೋರ್ ಮಾತ್ರ ಇರುವ ಊರಿನಲ್ಲಿ ಫ್ಲೋರೈಡ್ ಇಲ್ಲದ ನೀರು ಇಷ್ಟು ಅಗ್ಗವಾಗಿ ಬೇರೆಲ್ಲೂ ಸಿಗದು. ಹಾಗಾಗಿ ಇದನ್ನು ಬಳಕೆಯ ಸಂಪಿಗೆ ಬೆರೆಸದೆ ಪ್ರತ್ಯೇಕ ಇಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ತಾರಸಿಯ ನೀರೆಲ್ಲ ನಾಲ್ಕಿಂಚಿನ ಒಂದೇ ಪೈಪಿಗೆ ಬರಲಿ. ಪೈಪಿನ ಬಾಯಿಗೆ ಜಾಲರಿ ಕೂರಿಸಿ. ಮೊದಲ ನೀರು, ಅಂದರೆ ಧೂಳು, ಪಾರಿವಾಳದ ಹಿಕ್ಕೆ, ನೀವು ಮಾರ್ಚಿನಲ್ಲಿ ಬಳಿದ ಸುಣ್ಣ, ಟ್ಯಾಂಕ್ ಸೇರಬಾರದು. ವಾಲ್ವ್ ಹಾಕಿ ಕೈಯಲ್ಲಿ ತಿರುಗಿಸುತ್ತೇವೆ ಎನ್ನುವವರು ಮೇ ತಿಂಗಳ ಮಧ್ಯರಾತ್ರಿಯ ಗುಡುಗು ಮಳೆಗೆ ಏಳುವುದಿಲ್ಲ. ಬದಲಿಗೆ ಇಳಿಪೈಪಿಗೆ ಒಂದು ಟೀ (‘T’ ಆಕಾರದ ಮೂರು ಬಾಯಿಯ ಜೋಡಣೆ) ಹಾಕಿ, ಅದರ ಕೆಳಗಿನ ಬಾಯನ್ನು ಗಾಳಿಯಾಡದಂತೆ ಮುಚ್ಚಿದ 100 ಲೀಟರಿನ ಡ್ರಮ್ಮಿಗೆ ಕೊಡಿ. ಮೊದಲ ನೂರು ಲೀಟರ್ ಅಲ್ಲಿ ತುಂಬಿದ ಮೇಲೆ ಉಳಿದದ್ದು ಟೀಯ ಪಕ್ಕದ ಕೈಯಿಂದ ಫಿಲ್ಟರಿಗೆ ಹೋಗುತ್ತದೆ. ಡ್ರಮ್ಮಿನ ತಳಕ್ಕೆ ಮೂರು ಮಿಲಿಮೀಟರಿನ ತೂತು ಹಾಕಿ. ಮಳೆ ನಿಂತ ಕೆಲವು ಗಂಟೆಯಲ್ಲಿ ತಾನೇ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗುತ್ತದೆ. ಈ ತೂತು ಕಸ ಕಟ್ಟಿದರೆ ಇಡೀ ವ್ಯವಸ್ಥೆ ವ್ಯರ್ಥ: ಡ್ರಮ್ ತುಂಬಿಯೇ ಇರುತ್ತದೆ, ಮುಂದಿನ ಮಳೆಯ ಹೊಲಸು ನೇರ ಟ್ಯಾಂಕಿಗೆ. ಸುಣ್ಣ ಬಳಿದ ವರ್ಷ ಮೊದಲ ಎರಡು ಮಳೆಯನ್ನು ಪೂರ್ತಿ ಹೊರಗೆ ಬಿಡಿ.

ಫಿಲ್ಟರಿಗೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಸಾಕು. ತಳದಿಂದ ಮೇಲಕ್ಕೆ: 20 ಎಂಎಂ ಜೆಲ್ಲಿ 20 ಸೆಂಟಿಮೀಟರ್, ಅದರ ಮೇಲೆ 10 ಎಂಎಂ ಬೇಬಿ ಜೆಲ್ಲಿ 15, ಇದ್ದಿಲು 10, ದಪ್ಪ ಮರಳು 15, ಮೇಲೆ ಮತ್ತೆ 5 ಸೆಂಟಿಮೀಟರ್ ಜೆಲ್ಲಿ. ಪ್ರತಿ ಪದರದ ನಡುವೆ ನೈಲಾನ್ ಜಾಲರಿ. ಎಲ್ಲವನ್ನೂ ತಿಳಿನೀರು ಬರುವ ತನಕ ತೊಳೆದೇ ಹಾಕಬೇಕು. ಎಂ-ಸ್ಯಾಂಡ್ ಆದರೆ ಎರಡು ಪಟ್ಟು ತೊಳೆಯಿರಿ. ಮರಳು ನುಣುಪಾದಷ್ಟು ಒಳ್ಳೆಯದೆಂದು ಗಾರೆಯ ಮರಳು ಹಾಕುವುದು ಸಾಮಾನ್ಯ ತಪ್ಪು. ಜೋರು ಮಳೆಯಲ್ಲಿ ಈ ತಾರಸಿಯಿಂದ ನಿಮಿಷಕ್ಕೆ 60 ಲೀಟರ್ ಬರುತ್ತದೆ, ನುಣುಪು ಮರಳು ಅಷ್ಟನ್ನು ಬಿಡುವುದಿಲ್ಲ, ಡ್ರಮ್ ಉಕ್ಕುತ್ತದೆ.

ಶೇಖರಿಸಿದ ಟ್ಯಾಂಕಿಗೆ ಬೆಳಕು, ಸೊಳ್ಳೆ ಎರಡೂ ಹೋಗದಂತೆ ಮುಚ್ಚಳ ಇರಲಿ, ಓವರ್‌ಫ್ಲೋ ಬಾಯಿಗೂ ಜಾಲರಿ ಇರಲಿ. ಕುಡಿಯಲು ಬಳಸುವಾಗ ಕುದಿಸಿ. ಇಲ್ಲವೇ 1,000 ಲೀಟರಿಗೆ 4 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಮಗ್ಗಿನಲ್ಲಿ ಕಲಸಿ, ತಳಕ್ಕೆ ಕೂತ ಗಸಿ ಬಿಟ್ಟು ತಿಳಿಯನ್ನಷ್ಟೇ ಹಾಕಿ ಅರ್ಧ ಗಂಟೆ ಬಿಡಿ. ಗಾಳಿಗೆ ತೆರೆದಿಟ್ಟು ವಾಸನೆ ಹೋದ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ.

ಟ್ಯಾಂಕ್ ತುಂಬಿದ ಮೇಲಿನ ನೀರಿಗೆ ದುರ್ಗದ ಕೋಟೆಯವರೇ ದಾರಿ ತೋರಿದ್ದಾರೆ. ಮೇಲಿನ ಹೊಂಡ ತುಂಬಿ ಉಕ್ಕಿದ್ದು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ. ಮನೆಯಲ್ಲೂ ಅದೇ ಸರಣಿ ಮಾಡಿ: ಕುಡಿಯುವ ಟ್ಯಾಂಕ್ ಉಕ್ಕಿದ್ದು ಬಳಕೆಯ ಸಂಪಿಗೆ, ಸಂಪು ಉಕ್ಕಿದ್ದು ಇಂಗುಗುಂಡಿಗೆ.

ಇಂಗುಗುಂಡಿ ತೋಡಿಸುವ ಮುಂಚೆ ನೆಲವನ್ನು ಕೇಳಿ. ಬಂಡೆ ಹತ್ತಿರವೇ ಇರುವ ಊರಿದು. ಗುಂಡಿ ಬರುವ ಜಾಗದಲ್ಲಿ ಒಂದಡಿ ಅಗಲ, ಎರಡಡಿ ಆಳದ ಕುಣಿ ತೋಡಿ, ನೀರು ತುಂಬಿಸಿ ಒಮ್ಮೆ ಇಂಗಲು ಬಿಡಿ. ಮತ್ತೆ ತುಂಬಿಸಿ ಒಂದು ಗಂಟೆ ನೋಡಿ. ಎರಡು ಸೆಂಟಿಮೀಟರೂ ಇಳಿಯದಿದ್ದರೆ ಅಲ್ಲಿ ಗುಂಡಿ ಮಾಡಿಸುವುದು ದುಡ್ಡನ್ನು ಹೂತಂತೆ. ಇಳಿಯುತ್ತಿದ್ದರೆ ಮೂರಡಿ ಅಗಲ, ಮೂರಡಿ ಉದ್ದ, ಆರಡಿ ಆಳ ಸಾಕು. ತಳಕ್ಕೆ ಕಾಂಕ್ರೀಟ್ ಹಾಕಕೂಡದು. ಕೆಳಗೆ 40 ಎಂಎಂ ಜೆಲ್ಲಿ, ನಡುವೆ 20 ಎಂಎಂ, ಮೇಲೆ ಒಂದಡಿ ದಪ್ಪ ಮರಳು. ಪಾಯದಿಂದ ಹತ್ತಡಿ, ಪಾಯಖಾನೆ ಗುಂಡಿಯಿಂದ 15 ಮೀಟರ್ ದೂರ ಬೇಕು. 30×40ರ ಸೈಟಿನಲ್ಲಿ ಪಾಯಖಾನೆ ಗುಂಡಿಯೂ ಇದ್ದರೆ ಈ ಅಂತರ ಸಿಗುವುದೇ ಇಲ್ಲ, ಅಲ್ಲಿ ಇಂಗಿಸುವ ಆಸೆ ಬಿಡಿ. ಬೋರ್‌ವೆಲ್ ಕೇಸಿಂಗಿಗೆ ತಾರಸಿ ನೀರನ್ನು ನೇರ ಬಿಡುವುದಂತೂ ಕೂಡದು. ಹಿಕ್ಕೆಯೂ ಮಣ್ಣೂ ಒಳಹೋದರೆ ಆ ಬೋರನ್ನು ಮತ್ತೆ ಶುದ್ಧ ಮಾಡುವುದು ಕಷ್ಟ. ಪ್ರತಿ ಏಪ್ರಿಲ್‌ನಲ್ಲಿ ಗುಂಡಿಯ ಮೇಲಿನ ಒಂದು ಗೇಣು ಮರಳು ತೆಗೆದು, ತೊಳೆದು, ವಾಪಸ್ ಹಾಕಿ. ಬಿಟ್ಟರೆ ಮೂರನೇ ಮಳೆಗಾಲಕ್ಕೆ ಮೇಲೆ ಕೆಸರಿನ ಹೆಪ್ಪು ಕಟ್ಟಿ, ಗುಂಡಿಯ ಬಾಯಲ್ಲೇ ನೀರು ನಿಂತು ಸೊಳ್ಳೆ ಮರಿ ಓಡಾಡುತ್ತಿರುತ್ತವೆ.